ಒಂದೇ ವೈರಸ್‌ಗೆ ಮೂರು ಔಷಧ: ಆರಿಸುವುದು ಹೇಗೆ?

ನನ್ನ ತಾಯಿಗೆ ಸರ್ಪಸುತ್ತು ಬಂದಾಗ ಮೊದಲ ದಿನ ಬೆನ್ನಿನ ಎಡಗಡೆ ಬರೀ ಉರಿ ಇತ್ತು. ಎರಡನೆಯ ದಿನ ಚರ್ಮ ಕೆಂಪಾಯಿತು, ಮೂರನೆಯ ದಿನ ನೀರುಗುಳ್ಳೆಗಳು ಸಾಲುಗಟ್ಟಿದವು. ಯಾವುದೋ ಹುಳ ಕಚ್ಚಿರಬೇಕೆಂದುಕೊಂಡು ನಾವು ಮುಲಾಮು ಹಚ್ಚುತ್ತ ಕಾದೆವು. ನಾಲ್ಕನೆಯ ದಿನ ವೈದ್ಯರು ನೋಡಿ ಎರಡು ಔಷಧಗಳ ಹೆಸರು ಹೇಳಿದರು. ಒಂದು ದಿನಕ್ಕೆ ಐದು ಸಲ ನುಂಗಬೇಕಾದದ್ದು, ಅಗ್ಗ. ಇನ್ನೊಂದು ಮೂರು ಸಲ, ತುಸು ದುಬಾರಿ. ‘ಯಾವುದನ್ನು ಬರೆಯಲಿ?’ ಎಂದು ಅವರು ಕೇಳಿದಾಗ ನನ್ನ ಬಾಯಿಂದ ಬಂದ ಮಾತು, ‘ಯಾವುದು ಜೋರಾಗಿದೆಯೋ ಅದನ್ನೇ ಬರೆಯಿರಿ’ ಎಂಬುದು.

ಆ ಉತ್ತರದಲ್ಲಿದ್ದ ತಪ್ಪು ನನಗೆ ಅರ್ಥವಾದದ್ದು ಬಹಳ ತಡವಾಗಿ. ಈಗ ಓದುಗರು ಅದೇ ಗೊಂದಲವನ್ನು ನನ್ನ ಮುಂದಿಡುತ್ತಾರೆ. ಫ್ಲೂಗೆ ಐದು ದಿನದ ಕ್ಯಾಪ್ಸೂಲೋ ಒಂದೇ ಸಲದ ಮಾತ್ರೆಯೋ? ಕೋವಿಡ್‌ಗೆ ಮಾತ್ರೆಯೋ ಡ್ರಿಪ್ಪೋ? ಹೆಪಟೈಟಿಸ್‌ನ ಮಾತ್ರೆ ಮೂರು ತಿಂಗಳಿಗೆ ಮುಗಿಯುತ್ತದೆಯೋ, ಜೀವನವಿಡೀ ನುಂಗಬೇಕೋ? ಇವೆಲ್ಲ ಆಂಟಿವೈರಲ್, ಅಂದರೆ ವೈರಸ್ಸನ್ನು ತಡೆಯುವ ಔಷಧಗಳು. ವೈದ್ಯರ ಚೀಟಿ ಇಲ್ಲದೆ ಇವನ್ನು ತೆಗೆದುಕೊಳ್ಳಬಾರದು, ಕೊನೆಯ ತೀರ್ಮಾನವೂ ಅವರದೇ. ಆದರೆ ಅವರ ಎದುರು ಕುಳಿತಾಗ ಏನನ್ನು ಕೇಳಬೇಕು, ಏನನ್ನು ಮರೆಯದೆ ಹೇಳಬೇಕು ಎಂಬುದು ನಮಗೆ ತಿಳಿದಿದ್ದರೆ ಆಯ್ಕೆ ಸರಿಯಾಗುವ ಸಾಧ್ಯತೆ ಬಹಳ ಹೆಚ್ಚು.

‘ಜೋರು’ ಎಂಬ ಅಳತೆ ಏಕೆ ನಡೆಯುವುದಿಲ್ಲ

ಬ್ಯಾಕ್ಟೀರಿಯಾ ತನ್ನ ಕಾಲ ಮೇಲೆ ತಾನು ನಿಂತ ಜೀವಿ. ಅದಕ್ಕೆ ಸ್ವಂತ ಕೋಶಗೋಡೆ ಇದೆ, ಪ್ರೋಟೀನ್ ತಯಾರಿಸುವ ಸ್ವಂತ ವ್ಯವಸ್ಥೆ ಇದೆ. ಪೆನಿಸಿಲಿನ್ ಆ ಗೋಡೆಗೆ ಪೆಟ್ಟು ಕೊಡುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲದ ಕಾರಣ ಪೆಟ್ಟು ನಮಗೆ ತಾಗುವುದಿಲ್ಲ. ಹಲವು ಬಗೆಯ ಬ್ಯಾಕ್ಟೀರಿಯಾಗಳಿಗೆ ಗೋಡೆ ಇರುವುದರಿಂದ ಒಂದೇ ಆಂಟಿಬಯೋಟಿಕ್ ಹತ್ತಾರು ಸೋಂಕುಗಳಿಗೆ ಕೆಲಸ ಮಾಡುತ್ತದೆ.

ವೈರಸ್‌ಗೆ ಇದಾವುದೂ ಇಲ್ಲ. ಅದು ನಮ್ಮ ಜೀವಕೋಶಕ್ಕೆ ಅಂಟಿಕೊಂಡು, ಒಳನುಗ್ಗಿ, ತನ್ನ ಕವಚ ಬಿಚ್ಚಿ, ನಮ್ಮದೇ ಸಾಮಗ್ರಿಯಿಂದ ತನ್ನ ಪ್ರತಿಗಳನ್ನು ತೆಗೆಸಿಕೊಂಡು, ಅವನ್ನು ಜೋಡಿಸಿ ಹೊರಬರುತ್ತದೆ. ಕೆಲಸವೆಲ್ಲ ನಮ್ಮ ಮನೆಯೊಳಗೇ ನಡೆಯುವಾಗ ಮನೆಗೆ ಬೆಂಕಿ ಹಚ್ಚದೆ ಕಳ್ಳನನ್ನು ಹಿಡಿಯುವುದು ಹೇಗೆ? ವೈರಸ್ ಮಾತ್ರ ಬಳಸುವ, ನಾವು ಬಳಸದ ಒಂದು ಕಿಣ್ವ ಅಥವಾ ಒಂದು ಪ್ರೋಟೀನ್ ಹುಡುಕಿ, ಅದಕ್ಕಷ್ಟೇ ಅಡ್ಡಗಾಲು ಹಾಕಬೇಕು. ಆಂಟಿವೈರಲ್ ಔಷಧಗಳಲ್ಲಿ ಬಹುಪಾಲು ಮಾಡುವುದು ಇದನ್ನೇ.

ಇದರಿಂದ ಎರಡು ಸಂಗತಿ ಹುಟ್ಟುತ್ತವೆ, ಮುಂದಿನ ಹೋಲಿಕೆಯೆಲ್ಲ ಅವುಗಳ ಮೇಲೆಯೇ ನಿಂತಿದೆ. ಮೊದಲನೆಯದು, ಒಂದು ವೈರಸ್‌ನ ಬೀಗಕ್ಕೆ ಮಾಡಿದ ಔಷಧ ಇನ್ನೊಂದರ ಬೀಗಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಫ್ಲೂ ಔಷಧ ಸರ್ಪಸುತ್ತಿಗೆ ನೀರಿಗೆ ಸಮ. ಎರಡನೆಯದು, ವೈರಸ್ ಹೆಚ್ಚುತ್ತಿರುವ ಹೊತ್ತಿನಲ್ಲಿ ಮಾತ್ರ ಈ ಔಷಧಕ್ಕೆ ಕೆಲಸ ಇರುತ್ತದೆ. ಪ್ರತಿಗಳೆಲ್ಲ ಹೊರಬಿದ್ದ ಮೇಲೆ ಅಚ್ಚುಕೂಟಕ್ಕೆ ಬೀಗ ಜಡಿದು ಫಲವೇನು?

ಆರಿಸುವ ಮುನ್ನ ಕೇಳಿಕೊಳ್ಳಬೇಕಾದದ್ದು

ವೈರಸ್ ಯಾವುದು ಎಂಬುದು ಮೊದಲ ಪ್ರಶ್ನೆ. ಪರೀಕ್ಷೆಯಿಂದಲೋ, ಗುಳ್ಳೆಗಳ ಸಾಲನ್ನು ನೋಡಿಯೋ, ಊರಲ್ಲೆಲ್ಲ ಹರಡಿರುವ ಜ್ವರದ ಲಕ್ಷಣದಿಂದಲೋ ಅದು ಖಚಿತವಾಗಬೇಕು. ಎರಡನೆಯದು ಗಡಿಯಾರ. ಲಕ್ಷಣ ಶುರುವಾಗಿ ಎಷ್ಟು ಗಂಟೆ ಆಯಿತು? ಫ್ಲೂಗೆ 48 ಗಂಟೆ, ಸರ್ಪಸುತ್ತಿಗೆ 72 ಗಂಟೆ, ಕೋವಿಡ್ ಮಾತ್ರೆಗಳಿಗೆ 5 ದಿನ. ಈ ಅಂಕಿಗಳನ್ನು ನೆನಪಿನಲ್ಲಿಡಿ, ಉಳಿದದ್ದನ್ನು ಮರೆತರೂ ಪರವಾಗಿಲ್ಲ.

ಮೂರನೆಯದು, ಔಷಧದಿಂದ ನಾವು ಬಯಸುವುದೇನು? ಒಂದು ದಿನ ಮೊದಲೇ ಎದ್ದು ಓಡಾಡುವುದೋ, ಆಸ್ಪತ್ರೆ ಸೇರುವುದನ್ನು ತಪ್ಪಿಸುವುದೋ, ವೈರಸ್ಸನ್ನು ಮೈಯಿಂದ ಪೂರ್ತಿ ತೊಲಗಿಸುವುದೋ, ಅಥವಾ ಅದನ್ನು ಬಹುಕಾಲ ಅಡಗಿಸಿಡುವುದೋ? ಇವು ನಾಲ್ಕೂ ಬೇರೆ ಬೇರೆ ಗುರಿಗಳು. ಮೊದಲನೆಯದಕ್ಕಾಗಿ ದುಬಾರಿ ಔಷಧ ಕೊಳ್ಳುವುದು ಎಲ್ಲರಿಗೂ ಬೇಕಿಲ್ಲ. ಎರಡನೆಯದಕ್ಕಾಗಿ ಕೊಳ್ಳದಿರುವುದು ಅಪಾಯ.

ನಾಲ್ಕನೆಯದು ರೋಗಿಯ ಮೈ. ಮೂತ್ರಪಿಂಡ, ಯಕೃತ್ತು, ಗರ್ಭ, ವಯಸ್ಸು, ಈಗಾಗಲೇ ನುಂಗುತ್ತಿರುವ ಬೇರೆ ಮಾತ್ರೆಗಳು. ಕಡೆಯದು ಹಣ ಮತ್ತು ತ್ರಾಣ. ದಿನಕ್ಕೆ ಐದು ಸಲ ನೆನಪಿಟ್ಟು ನುಂಗಲು ಆಗದವರಿಗೆ ಅಗ್ಗದ ಔಷಧವೇ ದುಬಾರಿಯಾಗಿ ಪರಿಣಮಿಸುತ್ತದೆ, ಏಕೆಂದರೆ ತಪ್ಪಿಹೋದ ಡೋಸ್‌ಗಳಿಂದ ಗುಣವಿಲ್ಲ.

ಸರ್ಪಸುತ್ತು ಮತ್ತು ಹರ್ಪಿಸ್: ಅಸೈಕ್ಲೊವಿರ್, ವ್ಯಾಲಸೈಕ್ಲೊವಿರ್, ಫ್ಯಾಮ್‌ಸೈಕ್ಲೊವಿರ್

ಅಸೈಕ್ಲೊವಿರ್‌ನ ಬಗ್ಗೆ ನನಗೆ ವಿಶೇಷ ಗೌರವ. ಈ ಔಷಧ ನಮ್ಮ ಡಿಎನ್‌ಎಯ ಒಂದು ಇಟ್ಟಿಗೆಯಂತೆ ವೇಷ ಹಾಕಿಕೊಂಡಿದೆ, ಆದರೆ ನೆಮ್ಮದಿಯ ಸಂಗತಿ ಏನೆಂದರೆ ಸೋಂಕಿಲ್ಲದ ಕೋಶದಲ್ಲಿ ಅದು ಹೆಚ್ಚುಕಡಿಮೆ ಸುಮ್ಮನೆ ಮಲಗಿರುತ್ತದೆ. ಅದನ್ನು ಎಬ್ಬಿಸಲು ಥೈಮಿಡಿನ್ ಕೈನೇಸ್ ಎಂಬ ವೈರಸ್‌ನದೇ ಕಿಣ್ವ ಬೇಕು. ವೈರಸ್ ಇರುವ ಕೋಶದಲ್ಲಿ ಮಾತ್ರ ಔಷಧ ಎಚ್ಚರಗೊಂಡು, ಡಿಎನ್‌ಎ ಸರಪಳಿಯೊಳಗೆ ಸೇರಿಕೊಂಡು, ಮುಂದಿನ ಕೊಂಡಿ ಜೋಡಿಸಲಾಗದಂತೆ ಸರಪಳಿಯನ್ನೇ ನಿಲ್ಲಿಸಿಬಿಡುತ್ತದೆ. ವೈರಸ್ ತನ್ನ ಕೈಯಾರೆ ತನ್ನ ಉರುಳನ್ನು ಬಿಗಿದುಕೊಂಡಂತೆ. ಇಂಥ ಔಷಧಗಳಿಗೆ ದಾರಿ ಮಾಡಿಕೊಟ್ಟ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇದರ ಕೊರತೆ ಹೊಟ್ಟೆಯಲ್ಲಿದೆ. ನುಂಗಿದ ಅಸೈಕ್ಲೊವಿರ್‌ನಲ್ಲಿ ರಕ್ತಕ್ಕೆ ಸೇರುವುದು ಸುಮಾರು ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಹಾಗಾಗಿಯೇ ಸರ್ಪಸುತ್ತಿಗೆ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳರಿಂದ ಹತ್ತು ದಿನ. ಏಳೇ ದಿನವೆಂದರೂ 35 ಸಲ ನೆನಪಿಡಬೇಕು. ವ್ಯಾಲಸೈಕ್ಲೊವಿರ್ ಬೇರೆ ಔಷಧವೇ ಅಲ್ಲ. ಅಸೈಕ್ಲೊವಿರ್‌ಗೆ ವ್ಯಾಲಿನ್ ಎಂಬ ಅಮೈನೊ ಆಮ್ಲವನ್ನು ಅಂಟಿಸಿ ಕರುಳು ಸುಲಭವಾಗಿ ಹೀರಿಕೊಳ್ಳುವಂತೆ ಮಾಡಿದ್ದಾರೆ, ಒಳಗೆ ಹೋದ ಮೇಲೆ ಅದು ಅಸೈಕ್ಲೊವಿರ್ ಆಗಿಯೇ ಬದಲಾಗುತ್ತದೆ. ರಕ್ತಕ್ಕೆ ಸೇರುವುದು ಅರ್ಧಕ್ಕಿಂತ ತುಸು ಹೆಚ್ಚು. ಆದ್ದರಿಂದ 1 ಗ್ರಾಂ, ದಿನಕ್ಕೆ ಮೂರು ಸಲ, ಏಳು ದಿನ, ಒಟ್ಟು 21 ಸಲ. ಫ್ಯಾಮ್‌ಸೈಕ್ಲೊವಿರ್ ಪೆನ್‌ಸೈಕ್ಲೊವಿರ್ ಎಂಬ ಸೋದರ ಔಷಧವಾಗಿ ಬದಲಾಗುವ ಮಾತ್ರೆ, 500 ಮಿಲಿಗ್ರಾಂ, ಅದೂ ದಿನಕ್ಕೆ ಮೂರು ಸಲ.

ನಾನು ಕೇಳಿದ್ದ ‘ಜೋರು’ ಇಲ್ಲಿ ಎಲ್ಲಿದೆ? ಮೊದಲ ಎರಡರಲ್ಲಿ ಹೊಡೆಯುವ ಆಯುಧ ಒಂದೇ, ರಕ್ತದಲ್ಲಿ ಎಷ್ಟು ಇರುತ್ತದೆ ಎಂಬುದಷ್ಟೇ ವ್ಯತ್ಯಾಸ. ಸರ್ಪಸುತ್ತಿನ ನೋವು ಇಳಿಯುವುದರಲ್ಲಿ ವ್ಯಾಲಸೈಕ್ಲೊವಿರ್ ತುಸು ಮುಂದಿದೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಡೋಸ್ ತಪ್ಪುವುದು ಕಡಿಮೆ. ನನ್ನ ಅಭಿಪ್ರಾಯ ಸ್ಪಷ್ಟ. ಸರ್ಪಸುತ್ತು ಬಂದವರು ವಯಸ್ಸಾದವರಾಗಿದ್ದು, ಮಾತ್ರೆ ಕೊಡಲು ಸದಾ ಯಾರೂ ಪಕ್ಕದಲ್ಲಿ ಇರಲಾಗದಿದ್ದರೆ, ಹಣ ಹೊಂದಿಸಲು ಸಾಧ್ಯವಿದ್ದರೆ ಮೂರು ಸಲದ ಮಾತ್ರೆಯೇ ಸರಿ. ಹಣದ ಬಿಗಿ ಇದ್ದು, ಅಲಾರಂ ಇಟ್ಟುಕೊಂಡು ನಿಯಮ ಪಾಲಿಸುವವರಿದ್ದರೆ ಅಸೈಕ್ಲೊವಿರ್ ತೆಗೆದುಕೊಳ್ಳಲು ಹಿಂಜರಿಯಬೇಕಿಲ್ಲ. ಗರ್ಭಿಣಿಯರಲ್ಲಿ ಬಹಳ ವರ್ಷಗಳ ಅನುಭವ ಇರುವುದೂ ಅಸೈಕ್ಲೊವಿರ್‌ಗೇ. ಫ್ಯಾಮ್‌ಸೈಕ್ಲೊವಿರ್ ಸಿಕ್ಕರೆ ಅದೂ ವ್ಯಾಲಸೈಕ್ಲೊವಿರ್‌ಗೆ ಸಾಟಿಯೇ. ಇವೆರಡರ ನಡುವೆ ತಲೆಕೆಡಿಸಿಕೊಂಡು ಒಂದು ದಿನ ಕಳೆಯುವುದಕ್ಕಿಂತ ಕೈಗೆ ಸಿಕ್ಕಿದ್ದನ್ನು ಇಂದೇ ಶುರುಮಾಡುವುದು ಮೇಲು.

ಮೂತ್ರಪಿಂಡದ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಈ ಮೂರೂ ಮೂತ್ರದ ಮೂಲಕವೇ ಹೊರಹೋಗುತ್ತವೆ. ಮೂತ್ರಪಿಂಡ ಸೋತವರಲ್ಲಿ ಡೋಸ್ ಇಳಿಸದಿದ್ದರೆ ಔಷಧ ಮೈಯಲ್ಲೇ ಉಳಿದು ಗಲಿಬಿಲಿ, ಅಸಂಬದ್ಧ ಮಾತು, ಮಂಪರು ಕಾಣಿಸಬಹುದು. ಮನೆಯವರು ಅದನ್ನು ಮುಪ್ಪಿನ ಮರೆವು ಎಂದು ತಪ್ಪಾಗಿ ತಿಳಿಯುತ್ತಾರೆ. ವಯಸ್ಸಾದವರಿಗೆ ಕೊಡುವ ಮುನ್ನ ಕ್ರಿಯಾಟಿನಿನ್ ಪರೀಕ್ಷೆ (ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ) ಇದೆಯೇ ಎಂದು ಕೇಳಿ, ಔಷಧ ನಡೆಯುವಷ್ಟು ದಿನ ನೀರು ಚೆನ್ನಾಗಿ ಕುಡಿಸಿ.

ನನ್ನ ತಾಯಿಯ ವಿಷಯದಲ್ಲಿ 72 ಗಂಟೆ ಮೀರಿತ್ತು. ಆದರೂ ಹೊಸ ಗುಳ್ಳೆಗಳು ಏಳುತ್ತಲೇ ಇದ್ದುದರಿಂದ ವೈದ್ಯರು ಔಷಧ ಕೊಟ್ಟರು. ಹೊಸ ಗುಳ್ಳೆ ಎಂದರೆ ವೈರಸ್ ಇನ್ನೂ ಹೆಚ್ಚುತ್ತಿದೆ ಎಂದರ್ಥ. ಗುಳ್ಳೆಗಳು ಬೇಗ ಒಣಗಿದವು, ಆದರೆ ನರದ ಉರಿ ತಿಂಗಳುಗಟ್ಟಲೆ ಉಳಿಯಿತು. ಸರ್ಪಸುತ್ತಿನ ನಂತರ ಉಳಿಯುವ ಆ ನರನೋವನ್ನು ಈ ಔಷಧಗಳು ತಡೆದೇ ತಡೆಯುತ್ತವೆ ಎಂಬ ಭರವಸೆ ಇಲ್ಲ. ಸೀತಾಳೆ ಸಿಡುಬಿನ ವೈರಸ್ ನರಗಂಟಿನಲ್ಲಿ ದಶಕಗಳ ಕಾಲ ಅಡಗಿದ್ದು ಎದ್ದು ಬರುವುದೇ ಸರ್ಪಸುತ್ತು. ಅಡಗಿ ಮಲಗಿರುವ ವೈರಸ್ಸನ್ನು ಈ ಮೂರರಲ್ಲಿ ಯಾವುದೂ ಮುಟ್ಟಲಾರದು. ಗುಳ್ಳೆಗಳು ಹಣೆ, ಮೂಗಿನ ತುದಿ ಅಥವಾ ಕಣ್ಣಿನ ಹತ್ತಿರ ಬಂದರೆ ಗಂಟೆಗಳನ್ನು ಎಣಿಸುತ್ತ ಕೂರಬೇಡಿ, ಅದೇ ದಿನ ಕಣ್ಣಿನ ವೈದ್ಯರು ನೋಡಲೇಬೇಕು.

ತುಟಿಯ ಮೇಲೆ ಗುಳ್ಳೆ ಏಳಿಸುವ ಹರ್ಪಿಸ್‌ಗೆ ಲೆಕ್ಕವೇ ಬೇರೆ. ಅಸೈಕ್ಲೊವಿರ್ ಮುಲಾಮು ಅಲ್ಪ ಸಹಾಯ ಮಾಡುತ್ತದೆ, ತುಟಿ ಚುರುಗುಟ್ಟಿದ ಕೂಡಲೇ ಒಂದೇ ದಿನದಲ್ಲಿ ಎರಡು ಸಲ ನುಂಗುವ ವ್ಯಾಲಸೈಕ್ಲೊವಿರ್ ಸುಮಾರು ಒಂದು ದಿನ ಉಳಿಸುತ್ತದೆ. ವರ್ಷಕ್ಕೊಮ್ಮೆ ಬಂದು ಹೋಗುವುದಾದರೆ ಏನೂ ಇಲ್ಲದೆಯೂ ವಾಸಿಯಾಗುತ್ತದೆ. ಸರ್ಪಸುತ್ತಿಗೆ ಮಾತ್ರ ಮುಲಾಮನ್ನು ನಂಬಬೇಡಿ.

ಫ್ಲೂ: ಐದು ದಿನವೋ, ಒಂದೇ ಡೋಸೋ

ಫ್ಲೂ ವೈರಸ್ ಕೋಶದಿಂದ ಹೊರಬರುವಾಗ ಕೋಶದ ಮೇಲ್ಮೈಗೇ ಅಂಟಿಕೊಂಡಿರುತ್ತದೆ. ಆ ಅಂಟನ್ನು ಕತ್ತರಿಸುವುದು ನ್ಯೂರಮಿನಿಡೇಸ್ ಎಂಬ ಕಿಣ್ವ. 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಸೆಲ್ಟಾಮಿವಿರ್ ಮತ್ತು ಜನಾಮಿವಿರ್ ಈ ಕತ್ತರಿಯನ್ನು ಹಿಡಿದುಕೊಂಡುಬಿಡುತ್ತವೆ. ಹೊಸ ವೈರಸ್ಸುಗಳು ಹುಟ್ಟಿದರೂ ಪಕ್ಕದ ಕೋಶಕ್ಕೆ ಹೋಗಲಾರವು. 2018ರಲ್ಲಿ ಮೊದಲು ಜಪಾನಿನಲ್ಲಿ, ಆಮೇಲೆ ಅಮೆರಿಕದಲ್ಲಿ ಬಂದ ಬಲೊಕ್ಸಾವಿರ್ ಇನ್ನೂ ಹಿಂದಿನ ಹೆಜ್ಜೆಯಲ್ಲೇ ತಡೆಯುತ್ತದೆ. ಫ್ಲೂ ವೈರಸ್ ನಮ್ಮ ಆರ್‌ಎನ್‌ಎಗಳ ತುದಿಯನ್ನು ಕತ್ತರಿಸಿ ಕದ್ದು ತನ್ನ ಪ್ರತಿ ತೆಗೆಯಲು ಬಳಸುತ್ತದೆ. ಬಲೊಕ್ಸಾವಿರ್ ಆ ಕಳ್ಳತನವನ್ನೇ ನಿಲ್ಲಿಸುತ್ತದೆ.

ಹೇಳಿಕೊಳ್ಳುವಷ್ಟು ಲಾಭವಿದೆಯೇ ಎಂದು ಹಲವರು ಕೇಳುತ್ತಾರೆ. ಪ್ರಾಮಾಣಿಕ ಉತ್ತರ ಹೀಗಿದೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ 2014ರಲ್ಲಿ ಪ್ರಕಟವಾದ ಕೊಕ್ರೇನ್ ವಿಮರ್ಶೆಯ ಪ್ರಕಾರ ಒಸೆಲ್ಟಾಮಿವಿರ್ ವಯಸ್ಕರ ಫ್ಲೂ ಲಕ್ಷಣಗಳನ್ನು 7 ದಿನದಿಂದ 6.3 ದಿನಕ್ಕೆ ಇಳಿಸಿತು. ಆರೋಗ್ಯವಂತ ಯುವಕರೊಬ್ಬರಿಗೆ ಅರ್ಧ ದಿನಕ್ಕಿಂತ ತುಸು ಹೆಚ್ಚಿನ ಆ ಉಳಿತಾಯಕ್ಕಾಗಿ ವಾಕರಿಕೆ, ವಾಂತಿಯ ಸಾಧ್ಯತೆಯನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್ ಸಾಕು. ಆದರೆ ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಅಸ್ತಮಾ, ಹೃದ್ರೋಗ, ಮಧುಮೇಹ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇದೇ ಲೆಕ್ಕ ಹಾಕಬಾರದು. ಅವರಲ್ಲಿ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಭಯ ಹೆಚ್ಚು. ಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ ಔಷಧ ಶುರುಮಾಡುವ ವೈದ್ಯರಿದ್ದರೆ ಅವರ ನಿರ್ಧಾರ ಸರಿಯಾದದ್ದೇ.

ಈ ಗುಂಪಿನಲ್ಲಿ ಯಾವುದನ್ನು ಆರಿಸುವುದು? ಒಸೆಲ್ಟಾಮಿವಿರ್ 75 ಮಿಲಿಗ್ರಾಂ, ದಿನಕ್ಕೆರಡು ಸಲ, ಐದು ದಿನ. ಊಟದ ಜೊತೆ ನುಂಗಿದರೆ ವಾಕರಿಕೆ ಕಡಿಮೆ. ಗರ್ಭಿಣಿಯರಿಗೆ, ಹಸುಗೂಸುಗಳಿಗೆ, ಆಸ್ಪತ್ರೆ ಸೇರಿದವರಿಗೆ ಹೆಚ್ಚಿನ ಅನುಭವ ಇರುವುದು ಇದರದೇ. ಜೆನೆರಿಕ್ ರೂಪದಲ್ಲೂ ಸಿಗುವುದರಿಂದ ಜೇಬಿಗೂ ಹಗುರ. ಮೂತ್ರಪಿಂಡದ ತೊಂದರೆ ಇದ್ದರೆ ಡೋಸ್ ಇಳಿಸಬೇಕು. ಬಲೊಕ್ಸಾವಿರ್ ಒಂದೇ ಒಂದು ಡೋಸ್. ಲಕ್ಷಣ ಇಳಿಯುವ ವೇಗ ಬಹುಮಟ್ಟಿಗೆ ಒಸೆಲ್ಟಾಮಿವಿರ್‌ನಷ್ಟೇ, ಆದರೆ ಮೂಗು ಗಂಟಲಿನಿಂದ ವೈರಸ್ ಮಾಯವಾಗುವುದು ಸ್ಪಷ್ಟವಾಗಿ ಬೇಗ, ಮನೆಯವರಿಗೆ ಹರಡುವುದನ್ನೂ ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಇದ್ದರೆ ಈ ಗುಣಕ್ಕೆ ಬೆಲೆ ಇದೆ. ಫ್ಲೂ ಬಿ ಬಗೆಯಲ್ಲಿ ಇದರ ಕೈ ಒಂದಿಷ್ಟು ಮೇಲೆ. ಹಾಲು, ಮೊಸರು, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ, ಆಮ್ಲ ಶಮನದ ಔಷಧ ಇವುಗಳ ಜೊತೆ ನುಂಗಿದರೆ ಬಲೊಕ್ಸಾವಿರ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ. ಇನ್ನೊಂದು ಚಿಂತೆ ಎಂದರೆ ಚಿಕಿತ್ಸೆಯ ನಡುವೆಯೇ ಔಷಧಕ್ಕೆ ಬಗ್ಗದ ರೂಪಾಂತರ ಹುಟ್ಟುವುದು, ಮುಖ್ಯವಾಗಿ ಚಿಕ್ಕ ಮಕ್ಕಳಲ್ಲಿ.

2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೂ ಚಿಕಿತ್ಸೆಯ ಮಾರ್ಗಸೂಚಿಯನ್ನು ಹೊಸದಾಗಿ ಬರೆದಾಗ ಈ ತಕ್ಕಡಿ ಸ್ವಲ್ಪ ಅಲುಗಿತು. ತೀವ್ರವಲ್ಲದ ಫ್ಲೂ ಇದ್ದು ಮುಂದೆ ಬಿಗಡಾಯಿಸುವ ಅಪಾಯ ಹೆಚ್ಚಿರುವವರಿಗೆ ಬಲೊಕ್ಸಾವಿರ್, ತೀವ್ರ ಫ್ಲೂಗೆ ಒಸೆಲ್ಟಾಮಿವಿರ್ ಎಂದು ಅದು ಹೇಳಿತು, ಎರಡನ್ನೂ ಷರತ್ತಿನ ಸಲಹೆಗಳೆಂದೇ ಕರೆಯಿತು. ಎಲ್ಲ ದೇಶಗಳ ವೈದ್ಯರು ಇದೇ ದಾರಿಯಲ್ಲಿ ನಡೆಯುತ್ತಿಲ್ಲ. ಎರಡೂ ಕಡೆ ಕಾರಣಗಳಿವೆ, ನಿಮ್ಮ ವೈದ್ಯರು ಒಸೆಲ್ಟಾಮಿವಿರ್ ಬರೆದರೆ ಹಳೆಯದನ್ನು ಬರೆದರೆಂದು ಕೊರಗಬೇಡಿ.

ಜನಾಮಿವಿರ್ ಪುಡಿಯ ರೂಪದಲ್ಲಿ ಬಾಯಿಂದ ಎಳೆದುಕೊಳ್ಳುವ ಔಷಧ. ಅಸ್ತಮಾ ಇದ್ದವರಲ್ಲಿ ಶ್ವಾಸನಾಳ ಬಿಗಿಯಬಹುದಾದ್ದರಿಂದ ಅವರಿಗೆ ಬೇಡ. ಪೆರಾಮಿವಿರ್ ರಕ್ತನಾಳಕ್ಕೆ ಒಂದೇ ಸಲ ಕೊಡುವ ಔಷಧ, ನುಂಗಲಾಗದವರಿಗೆ. ಅಮಾಂಟಡಿನ್ ಎಂಬ ಹಳೆಯ ಹೆಸರು ಕೇಳಿದರೆ ಬಿಟ್ಟುಬಿಡಿ. ಇಂದಿನ ಫ್ಲೂ ಎ ವೈರಸ್ಸುಗಳು ಅದಕ್ಕೆ ಬಗ್ಗುವುದಿಲ್ಲ, ಫ್ಲೂ ಬಿಗೆ ಅದು ಎಂದೂ ನಾಟಿದ್ದೇ ಇಲ್ಲ. ಒಸೆಲ್ಟಾಮಿವಿರ್‌ಗೂ ಇಂಥ ಗಂಡಾಂತರ ಒಮ್ಮೆ ಬಂದಿತ್ತು. 2008-09ರ ಹೊತ್ತಿಗೆ ಋತುಮಾನದ ಎಚ್1ಎನ್1 ವೈರಸ್ ಹೆಚ್ಚುಕಡಿಮೆ ಪೂರ್ತಿಯಾಗಿ ಅದಕ್ಕೆ ಬಗ್ಗದಂತಾಗಿತ್ತು. 2009ರಲ್ಲಿ ಹಬ್ಬಿದ ಹೊಸ ಎಚ್1ಎನ್1 ಆ ತಳಿಯನ್ನು ಹೊರದೂಡಿದ ಮೇಲೆ ಔಷಧ ಮತ್ತೆ ಕೆಲಸಕ್ಕೆ ಬಂತು. ಬೇಕಿಲ್ಲದವರೆಲ್ಲ ನುಂಗಬಾರದು ಎಂದು ನಾನು ಒತ್ತಿ ಹೇಳುವುದಕ್ಕೆ ಔಷಧಕ್ಕೆ ಬಗ್ಗದ ವೈರಸ್‌ನ ಈ ಭಯವೂ ಒಂದು ಕಾರಣ.

ಕೋವಿಡ್: ಮಾತ್ರೆ ಸುಲಭ, ಪಟ್ಟಿ ಕಷ್ಟ

ಇಲ್ಲಿ ಆಯ್ಕೆ ತೀರ್ಮಾನವಾಗುವುದು ವೈರಸ್‌ನಿಂದಲ್ಲ, ರೋಗಿ ಈಗಾಗಲೇ ನುಂಗುತ್ತಿರುವ ಮಾತ್ರೆಗಳಿಂದ.

ನಿರ್ಮಾಟ್ರೆಲ್ವಿರ್ ಕೊರೊನಾ ವೈರಸ್‌ನ ಪ್ರೋಟಿಯೇಸ್ ಕಿಣ್ವವನ್ನು ತಡೆಯುತ್ತದೆ. ವೈರಸ್ ತನ್ನ ಪ್ರೋಟೀನುಗಳನ್ನು ಒಂದೇ ಉದ್ದ ಸರವಾಗಿ ತಯಾರಿಸಿ ಆಮೇಲೆ ತುಂಡರಿಸಿಕೊಳ್ಳುತ್ತದೆ, ಆ ತುಂಡರಿಸುವ ಕೆಲಸ ನಿಲ್ಲುತ್ತದೆ. ಜೊತೆಗೆ ಕೊಡುವ ರಿಟೊನಾವಿರ್ ಮೂಲತಃ ಎಚ್‌ಐವಿ ಔಷಧ. ಇಲ್ಲಿ ಅದಕ್ಕೆ ವೈರಸ್‌ನ ಗೊಡವೆಯಿಲ್ಲ. ಯಕೃತ್ತು ನಿರ್ಮಾಟ್ರೆಲ್ವಿರ್ ಅನ್ನು ಬೇಗ ಕರಗಿಸದಂತೆ ತಡೆಯುವುದಷ್ಟೇ ಅದರ ಕೆಲಸ. ತೊಡಕು ಇರುವುದೂ ಅಲ್ಲೇ. ಯಕೃತ್ತಿನ ಅದೇ ಕಿಣ್ವ ಕರಗಿಸುವ ಇತರ ಔಷಧಗಳೂ ರಕ್ತದಲ್ಲಿ ಏರಿಬಿಡುತ್ತವೆ. ಸಿಮ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕೆಲವು ಮಾತ್ರೆಗಳು, ಹೃದಯಬಡಿತ ಸರಿಪಡಿಸುವ ಅಮಿಯೊಡರೋನ್, ಅಂಗ ಕಸಿ ಆದವರ ಟ್ಯಾಕ್ರೊಲಿಮಸ್, ಕೆಲವು ಮೂರ್ಛೆರೋಗದ ಔಷಧಗಳು ಇವೆಲ್ಲವನ್ನೂ ಮೊದಲೇ ಹೇಳಬೇಕು. ಕೆಲವನ್ನು ಕೆಲವು ದಿನ ನಿಲ್ಲಿಸಿದರೆ ಸಾಕು, ಕೆಲವು ಇದ್ದರೆ ಈ ಔಷಧವನ್ನೇ ಕೊಡುವಂತಿಲ್ಲ. ನಿಲ್ಲಿಸುವ ತೀರ್ಮಾನವನ್ನು ಮನೆಯಲ್ಲಿ ಮಾಡಬೇಡಿ.

ಇಷ್ಟು ತಾಪತ್ರಯ ಏಕೆ ಪಡಬೇಕೆಂದರೆ, ಲಸಿಕೆ ಪಡೆಯದ, ಅಪಾಯ ಹೆಚ್ಚಿದ್ದ ರೋಗಿಗಳ ಮೇಲೆ ನಡೆದ ಮೊದಲ ದೊಡ್ಡ ಪ್ರಯೋಗದಲ್ಲಿ, ಮೂರು ದಿನದೊಳಗೆ ಶುರುಮಾಡಿದವರಲ್ಲಿ ಆಸ್ಪತ್ರೆ ಸೇರುವುದು ಮತ್ತು ಸಾವು ಶೇಕಡ 89ರಷ್ಟು ಇಳಿದವು. ಮೊಲ್ನುಪಿರಾವಿರ್ ಎಂಬ ಇನ್ನೊಂದು ಕೋವಿಡ್ ಔಷಧದ ಅಂಥದೇ ಪ್ರಯೋಗದಲ್ಲಿ ಇಳಿಕೆ ಶೇಕಡ 30. ಲಸಿಕೆ ಪಡೆದವರೇ ಹೆಚ್ಚಿದ್ದ ಬ್ರಿಟನ್ನಿನ ಪ್ರಯೋಗದಲ್ಲಿ ಮೊಲ್ನುಪಿರಾವಿರ್ ಚೇತರಿಕೆಯನ್ನು ಬೇಗಗೊಳಿಸಿತು, ಆಸ್ಪತ್ರೆ ಸೇರುವುದನ್ನು ತಗ್ಗಿಸಲಿಲ್ಲ. ಅದು ಕೆಲಸ ಮಾಡುವ ಬಗೆಯೇ ವಿಚಿತ್ರ. ವೈರಸ್ ಪ್ರತಿ ತೆಗೆಯುವಾಗ ತಪ್ಪಕ್ಷರಗಳನ್ನು ತುಂಬುತ್ತ ಹೋಗುತ್ತದೆ, ತಪ್ಪುಗಳು ಮಿತಿಮೀರಿ ವೈರಸ್ ಬಾಳಲಾರದಂತಾಗುತ್ತದೆ. ಅದೇ ಕಾರಣಕ್ಕೆ ಗರ್ಭಿಣಿಯರಿಗೆ ಇದು ಬೇಡ, ಬೆಳೆಯುವ ಮೂಳೆಯ ಚಿಂತೆಯಿಂದ 18ರೊಳಗಿನವರಿಗೂ ಬೇಡ. ಇದರ ಒಂದೇ ದೊಡ್ಡ ಅನುಕೂಲವೆಂದರೆ ಬೇರೆ ಮಾತ್ರೆಗಳ ಜೊತೆ ಜಗಳ ಇಲ್ಲದಿರುವುದು.

ರೆಮ್‌ಡೆಸಿವಿರ್ ನಡುವಿನ ದಾರಿ. ಅಪಾಯ ಹೆಚ್ಚಿರುವ, ಇನ್ನೂ ಆಸ್ಪತ್ರೆ ಸೇರದ ರೋಗಿಗೆ ಏಳು ದಿನದೊಳಗೆ, ಸತತ ಮೂರು ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಪ್ರಯೋಗದಲ್ಲಿ ಆಸ್ಪತ್ರೆ ಸೇರುವುದು ಶೇಕಡ 87ರಷ್ಟು ಇಳಿಯಿತು. ಔಷಧಗಳ ನಡುವಿನ ಜಗಳ ಕಡಿಮೆ. ಆದರೆ ಮೂರು ದಿನ ಎದ್ದು ಹೋಗಿ ಡ್ರಿಪ್ ಹಾಕಿಸಿಕೊಳ್ಳುವ ತ್ರಾಣ, ಕರೆದೊಯ್ಯುವ ಜನ, ಅದರ ಖರ್ಚು ಬೇಕು. ಹಾಗಾಗಿ ನನ್ನ ಕ್ರಮ ಹೀಗೆ. ಅಪಾಯ ಹೆಚ್ಚಿದ್ದು ಮಾತ್ರೆಗಳ ಪಟ್ಟಿ ಅಡ್ಡಬರದಿದ್ದರೆ ನಿರ್ಮಾಟ್ರೆಲ್ವಿರ್, ಅಡ್ಡಬಂದರೆ ರೆಮ್‌ಡೆಸಿವಿರ್, ಎರಡೂ ಆಗದಿದ್ದಾಗ ಮಾತ್ರ ಮೊಲ್ನುಪಿರಾವಿರ್. ಅಪಾಯ ಕಡಿಮೆ ಇರುವವರಿಗೆ ಯಾವುದೂ ಬೇಡ. ಅಂಥವರಲ್ಲಿ ನಿರ್ಮಾಟ್ರೆಲ್ವಿರ್ ಕೂಡ ಲಕ್ಷಣಗಳನ್ನು ಗಮನಾರ್ಹವಾಗಿ ಬೇಗ ಇಳಿಸಲಿಲ್ಲ.

ಹೆಪಟೈಟಿಸ್ ಸಿ ಮತ್ತು ಬಿ: ಹೆಸರು ಅಕ್ಕಪಕ್ಕ, ಗುರಿ ಬೇರೆ

ಈ ಎರಡರ ನಡುವೆ ಗೊಂದಲ ಮಾಡಿಕೊಂಡವರು ನನಗೆ ಹಲವು ಸಲ ಎದುರಾಗಿದ್ದಾರೆ. ಹೆಪಟೈಟಿಸ್ ಸಿ ವೈರಸ್ ತನ್ನದೆಂಬ ಗುರುತನ್ನು ನಮ್ಮ ಕೋಶಕೇಂದ್ರದಲ್ಲಿ ಬಚ್ಚಿಡುವುದಿಲ್ಲ. ಪ್ರತಿ ತೆಗೆಯುವುದನ್ನು ನಿಲ್ಲಿಸಿದರೆ ಅದು ಮುಗಿದೇ ಹೋಗುತ್ತದೆ. ಆದ್ದರಿಂದ ಸೊಫೊಸ್ಬುವಿರ್-ವೆಲ್ಪಟಾಸ್ವಿರ್ 12 ವಾರ, ಅಥವಾ ಗ್ಲೆಕಾಪ್ರೆವಿರ್-ಪಿಬ್ರೆಂಟಾಸ್ವಿರ್ ಹೆಚ್ಚಿನವರಿಗೆ 8 ವಾರ ನುಂಗಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ. ದೀರ್ಘಕಾಲದ ವೈರಸ್ ಸೋಂಕೊಂದನ್ನು ಮಾತ್ರೆಯಿಂದ ಬೇರುಸಹಿತ ಕಿತ್ತದ್ದು ವೈದ್ಯಲೋಕದ ದೊಡ್ಡ ಗೆಲುವುಗಳಲ್ಲಿ ಒಂದು. ಎರಡರಲ್ಲಿ ಆಯ್ಕೆ ಮಾಡುವಾಗ ಯಕೃತ್ತಿನ ಸ್ಥಿತಿ ನೋಡಿ. ಹೊಟ್ಟೆಯಲ್ಲಿ ನೀರು ತುಂಬುವ ಮಟ್ಟಕ್ಕೆ ಯಕೃತ್ತು ಸೋತಿದ್ದರೆ ಎರಡನೆಯ ಜೋಡಿ ಕೂಡದು. ಆಮ್ಲ ಶಮನದ ಮಾತ್ರೆ ದಿನವೂ ನುಂಗುವವರಿಗೆ ಮೊದಲ ಜೋಡಿಯ ವೆಲ್ಪಟಾಸ್ವಿರ್ ಸರಿಯಾಗಿ ರಕ್ತ ಸೇರುವುದಿಲ್ಲ, ಅಮಿಯೊಡರೋನ್ ನುಂಗುವವರಲ್ಲಿ ಸೊಫೊಸ್ಬುವಿರ್ ಹೃದಯಬಡಿತವನ್ನು ಅಪಾಯಕರವಾಗಿ ನಿಧಾನಿಸಬಹುದು. ಯಾವ ಜೋಡಿಯಾದರೂ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಸಿ ಹೋಗುತ್ತಲೇ ಅಡಗಿದ್ದ ಬಿ ತಲೆಯೆತ್ತಿದ ಉದಾಹರಣೆಗಳಿವೆ.

ಹೆಪಟೈಟಿಸ್ ಬಿ ಹಾಗಲ್ಲ. ಅದು ಕೋಶಕೇಂದ್ರದೊಳಗೆ ಮುಚ್ಚಿದ ಉಂಗುರದಂಥ ಡಿಎನ್‌ಎಯನ್ನು ಉಳಿಸಿಬಿಡುತ್ತದೆ. ಎಂಟೆಕಾವಿರ್ ಆಗಲಿ ಟೆನೊಫೊವಿರ್ ಆಗಲಿ ಅದನ್ನು ಕೀಳಲಾರವು, ಪ್ರತಿ ತೆಗೆಯುವುದನ್ನು ತಡೆದು ಯಕೃತ್ತನ್ನು ಕಾಪಾಡುತ್ತವೆ. ಎಂಟೆಕಾವಿರ್ ಅನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಹಿಂದೆ ಲ್ಯಾಮಿವುಡಿನ್ ಎಂಬ ಹಳೆಯ ಔಷಧ ನುಂಗಿ ಅದಕ್ಕೆ ವೈರಸ್ ಬಗ್ಗದಂತಾದವರಿಗೆ ಅದು ಸರಿಯಾದ ಆಯ್ಕೆ ಅಲ್ಲ. ಟೆನೊಫೊವಿರ್‌ನ ಹಳೆಯ ರೂಪ ಅಗ್ಗ, ಗರ್ಭಿಣಿಯರಿಗೂ ಆಗುತ್ತದೆ, ಆದರೆ ವರ್ಷಗಟ್ಟಲೆ ನುಂಗುವಾಗ ಮೂತ್ರಪಿಂಡ ಮತ್ತು ಮೂಳೆಗಳ ಮೇಲೆ ಕಣ್ಣಿಡಬೇಕು. ಅಲಾಫೆನಮೈಡ್ ಎಂಬ ಹೊಸ ರೂಪ ಆ ಎರಡಕ್ಕೂ ಸೌಮ್ಯ. ಮೂಳೆ ಸವೆದ ಹಿರಿಯರಿಗೆ ಹೆಚ್ಚಿನ ಹಣ ತೆತ್ತರೂ ಸಾರ್ಥಕ, ಮೂತ್ರಪಿಂಡ ಚೆನ್ನಾಗಿರುವ ಯುವಕರಿಗೆ ಹಳೆಯದೇ ಸಾಕು. ಶುರುಮಾಡುವ ಮುನ್ನ ಎಚ್‌ಐವಿ ಪರೀಕ್ಷೆಯೂ ಆಗಬೇಕು. ಈ ಔಷಧಗಳು ಎಚ್‌ಐವಿಯನ್ನೂ ಮುಟ್ಟುತ್ತವೆ, ಎಚ್‌ಐವಿ ಇದ್ದವರಿಗೆ ಒಂದನ್ನೇ ಕೊಟ್ಟರೆ ಆ ವೈರಸ್ ಅದಕ್ಕೆ ಬಗ್ಗದಂತಾಗುತ್ತದೆ. ಮೈ ಚೆನ್ನಾಗಿದೆ ಎಂದು ತಾವಾಗಿಯೇ ಮಾತ್ರೆ ನಿಲ್ಲಿಸಿದವರಲ್ಲಿ ಯಕೃತ್ತಿನ ಉರಿಯೂತ ಪ್ರಾಣಕ್ಕೆ ಎರವಾಗುವಷ್ಟು ಕೆರಳಬಹುದು. ಎಷ್ಟೇ ಒಳ್ಳೆಯ ಔಷಧವಾದರೂ ಮುಂದಿನ ವರ್ಷ ಕೊಳ್ಳಲು ಆಗುವುದೇ ಎಂಬುದನ್ನು ಈಗಲೇ ಯೋಚಿಸಬೇಕಾದ ರೋಗ ಇದು.

ವೈದ್ಯರನ್ನು ಕಾಣುವ ಮುನ್ನ

ನೆಗಡಿಗೆ, ಡೆಂಗಿಗೆ ಆರಿಸಿಕೊಳ್ಳಲು ಆಂಟಿವೈರಲ್ ಔಷಧವೇ ಇಲ್ಲ. ಅವಕ್ಕಾಗಿ ಯಾರಾದರೂ ಮೇಲಿನ ಯಾವುದನ್ನಾದರೂ ಕೊಟ್ಟರೆ ಕಾರಣ ಕೇಳಿ. ಎಚ್‌ಐವಿ ಸೋಂಕಿಗೆ ತೆರೆದುಕೊಂಡ ಅನುಮಾನವಿದ್ದರೆ ಹೋಲಿಕೆ ಮಾಡುತ್ತ ಕೂರಬೇಡಿ. 72 ಗಂಟೆಯೊಳಗೆ, ಆದಷ್ಟೂ ಬೇಗ ಶುರುಮಾಡಿ 28 ದಿನ ನುಂಗುವ ತಡೆ ಚಿಕಿತ್ಸೆ ಇದೆ.

ಉಳಿದೆಲ್ಲಕ್ಕೂ ಒಂದು ಕಾಗದದಲ್ಲಿ ಇಷ್ಟನ್ನು ಬರೆದಿಟ್ಟುಕೊಂಡು ಹೋಗಿ: ಮೊದಲ ಲಕ್ಷಣ ಕಂಡ ದಿನ ಮತ್ತು ಹೊತ್ತು, ಇತ್ತೀಚಿನ ಕ್ರಿಯಾಟಿನಿನ್ ಅಂಕಿ, ಗರ್ಭಿಣಿಯೇ ಅಲ್ಲವೇ, ಹಿಂದೆ ಯಾವ ಔಷಧ ಒಗ್ಗಲಿಲ್ಲ, ಮತ್ತು ದಿನವೂ ನುಂಗುವ ಪ್ರತಿಯೊಂದು ಮಾತ್ರೆಯ ಹೆಸರು, ವಿಟಮಿನ್ನು ಮತ್ತು ಗಿಡಮೂಲಿಕೆ ಔಷಧಗಳನ್ನೂ ಸೇರಿಸಿ. ಹೆಸರು ನೆನಪಾಗದಿದ್ದರೆ ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ತಿಂಗಳಿಗೆ ಎಷ್ಟು ಖರ್ಚು ಮಾಡಬಲ್ಲಿರಿ, ದಿನಕ್ಕೆ ಎಷ್ಟು ಸಲ ನುಂಗಬಲ್ಲಿರಿ ಎಂಬುದನ್ನೂ ಸಂಕೋಚವಿಲ್ಲದೆ ಹೇಳಿ. ಮೊದಲ ಲಕ್ಷಣದ ಹೊತ್ತನ್ನು ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಬರೆಯಿರಿ. ನನ್ನ ತಾಯಿಯ ಜೊತೆ ಹೋದ ದಿನ ನಾನು ವೈದ್ಯರಿಗೆ ಸರಿಯಾಗಿ ಹೇಳಲಾಗದೆ ತಡವರಿಸಿದ್ದು ಅದನ್ನೇ.